ಅಟ್ಟದ ಮೇಲಿನ ತೊಟ್ಟಿಲು

ನಮ್ಮ ಮನೆಯ ಅಟ್ಟದ ಮೇಲೆ ಒಂದು ತೊಟ್ಟಿಲು ಒಂಬತ್ತು ವರ್ಷ ಕೂತಿತ್ತು. ಹಲಸಿನ ಮರದ್ದು, ನಮ್ಮತ್ತೆಯ ಮಕ್ಕಳೆಲ್ಲ ಮಲಗಿ ಎದ್ದದ್ದು. ನಾಲ್ಕು ಮೂಲೆಗೆ ನಾಲ್ಕು ಮರದ ಗಿಳಿಗಳಿದ್ದವು. ಒಂದರ ಕೊಕ್ಕು ಮುರಿದವರು ನಮ್ಮವರೇ, ಆಗ ಅವರಿಗೆ ಒಂದೂವರೆ ವರ್ಷ ಎಂದು ಅತ್ತೆ ಹೇಳುತ್ತಿದ್ದರು. 1988ರಲ್ಲಿ ನನ್ನ ಮಗಳನ್ನು ಅದರಲ್ಲೇ ಹಾಕಿ ಹೆಸರಿಟ್ಟೆವು. ಮರುವರ್ಷ ಅವಳು ಅದರಲ್ಲಿ ಹಿಡಿಸದಷ್ಟು ಬೆಳೆದ ಮೇಲೆ ಗೆದ್ದಲು ಹತ್ತದ ಹಾಗೆ ಗೇರೆಣ್ಣೆ ಬಳಿದು, ಹಳೇ ಜಮಖಾನ ಸುತ್ತಿ ಅಟ್ಟಕ್ಕೆ ಏರಿಸಿದೆವು. ಅತ್ತೆ ಏಣಿಯ ಬುಡದಲ್ಲಿ ನಿಂತು, "ಸರಪಳಿ ಬಿಚ್ಚಬೇಡ್ರೋ, ಎರಡು ವರ್ಷಕ್ಕೆ ಮತ್ತೆ ಇಳಿಸೋದೇ ಅಲ್ದಾ" ಎಂದರು. ಬಿಚ್ಚಲಿಲ್ಲ.

ನಾವು ಲೆಕ್ಕಾಚಾರದ ಜನ. ಇವರು ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು, ನಾನು ಪೋಸ್ಟಾಫೀಸಿನಲ್ಲಿ ಕೌಂಟರಿನ ಹಿಂದೆ ಕೂತು ಸ್ಟಾಂಪು, ಮನಿಯಾರ್ಡರು ಎಣಿಸುವವಳು. ಆಸ್ಪತ್ರೆಯ ಕಾಂಪೌಂಡಿನಿಂದ ಹಿಡಿದು ಬಸ್ ಸ್ಟ್ಯಾಂಡಿನ ಗೋಡೆಯವರೆಗೆ ಕೆಂಪು ತ್ರಿಕೋನದ ಕೆಳಗೆ 'ಆರತಿಗೊಂದು ಕೀರ್ತಿಗೊಂದು' ಎಂದು ಬರೆದಿರುತ್ತಿದ್ದ ಕಾಲ ಅದು. ಆರತಿಗೊಬ್ಬಳು ಆದಳು, ಕೀರ್ತಿಗೆ ಮೂರು ವರ್ಷ ತಡೆಯೋಣ ಎಂದು ನಾನು ಹೆರಿಗೆಯಾದ ಕೆಲವು ತಿಂಗಳಿಗೇ ವಂಕಿ ಹಾಕಿಸಿಕೊಂಡೆ. 1991ರ ವಿಜಯದಶಮಿ ಮುಗಿಸಿಕೊಂಡು ಹೋಗಿ ತೆಗೆಸಿದೆ. ನಿಲ್ಲಿಸುವುದು ನಮ್ಮ ಕೈಯಲ್ಲಿದ್ದ ಮೇಲೆ ತರಿಸುವುದೂ ನಮ್ಮ ಕೈಯಲ್ಲೇ ಇದೆ ಎಂದು ನನ್ನ ತಿಳುವಳಿಕೆ. ಮುಂದಿನ ದೀಪಾವಳಿಗೆ ಬಾಣಂತಿಯಾಗಿರುತ್ತೇನೆ, ರಜೆ ಹೇಗೆ ಹೊಂದಿಸಿಕೊಳ್ಳುವುದು ಎಂದು ಆಗಲೇ ಯೋಚಿಸತೊಡಗಿದ್ದೆ.

ಮುಂದಿನ ದೀಪಾವಳಿ ಬಂತು. ಅದರ ಮುಂದಿನದೂ ಬಂತು.

ನಮ್ಮಂಥವರ ಮನೆಯಲ್ಲಿ ಈ ಸಂಗತಿಯನ್ನು ಗುಟ್ಟಾಗಿ ಇಡಲೂ ಬರುವುದಿಲ್ಲ. ಅತ್ತೆ ಮಳೆಗಾಲವೆಲ್ಲ ನಮ್ಮ ಜೊತೆ ಸಾಗರದಲ್ಲಿರುತ್ತಿದ್ದರು. ಅಡಿಕೆ ಕೊಯ್ಲು ಶುರುವಾದರೆ ಹಳ್ಳಿಗೆ, ಮೈದುನನ ಮನೆಗೆ. ಅವರಿದ್ದಾಗ ನಾನು ತಿಂಗಳಿಗೆ ಮೂರು ದಿನ ಹೊರಗೆ ಕೂರಲೇಬೇಕು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುವುದೇನಿದೆ? ನನ್ನ ಸೋಲು ತಿಂಗಳಿಗೊಮ್ಮೆ ಚಾಪೆ ಹಾಸಿಕೊಂಡು ಪಡಸಾಲೆಯ ಮೂಲೆಯಲ್ಲಿ ಎಲ್ಲರಿಗೂ ಕಾಣುವಂತೆ ಕೂತಿರುತ್ತಿತ್ತು. ಅತ್ತೆ ತಟ್ಟೆ ದೂರದಿಂದ ಸರಿಸಿ ಒಳಗೆ ಹೋಗುವಾಗ ಬಿಡುತ್ತಿದ್ದ ಉಸಿರು ನನಗೆ ಕೇಳಿಸುತ್ತಿತ್ತು. ಮಾತಿನಲ್ಲಿ ಅವರು ಎಂದೂ ನೋಯಿಸಿದವರಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಮಾತಿನಲ್ಲಿ ನೋಯಿಸಲು ಊರು ಇತ್ತು. "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ" ಎಂಬ ಗಾದೆಯನ್ನು ಸಾಗರದ ಹೆಂಗಸರು ಎಷ್ಟು ಜನ ನನಗೆ ಹೇಳಿದ್ದಾರೆಂದು ಲೆಕ್ಕವಿಟ್ಟಿದ್ದರೆ ಒಂದು ಲೆಡ್ಜರ್ ತುಂಬುತ್ತಿತ್ತು. ಅವರ ಪ್ರಕಾರ ನಾವು ಬೇಕೆಂದೇ ನಿಲ್ಲಿಸಿದವರು. "ಸಂಬಳ ತರೋ ಹೆಂಗಸರಿಗೆ ಒಂದೇ ಸಾಕಪ್ಪ, ಮೈಕಟ್ಟು ಹಾಳಾಗಬಾರದಲ್ಲ" ಎಂದು ರಿಜಿಸ್ಟರ್ ಪತ್ರಕ್ಕೆ ಅಂಟು ಹಚ್ಚುತ್ತಲೇ ಒಬ್ಬಾಕೆ ಕೌಂಟರಿನಲ್ಲಿ ಹೇಳಿದ್ದುಂಟು. ಇಲ್ಲ, ನಮಗೆ ಆಗುತ್ತಿಲ್ಲ ಎಂದು ಹೇಳಿದರೆ ಇನ್ನೊಂದು ಮಾತು ಸಿದ್ಧವಿತ್ತು: "ಒಂದಿದೆಯಲ್ಲ ಮಾರಾಯ್ತಿ, ಇಲ್ಲದವರನ್ನು ನೋಡು." ನಾನು ನೋಡುತ್ತಿದ್ದೆ. ಅದೇ ತೊಂದರೆ. ಸೀಮಂತದ ಮನೆಗಳಲ್ಲಿ ನನ್ನನ್ನು ಮಕ್ಕಳೊಂದಿಗಳೆಂದು ಆರತಿಗೆ ಕರೆಯುತ್ತಿದ್ದರು. ತಟ್ಟೆ ಹಿಡಿದು ಹಾಡುತ್ತಿದ್ದ ನನ್ನ ಹೊಟ್ಟೆಯಲ್ಲಿ ಏನು ನಡೆಯುತ್ತಿತ್ತೆಂದು ಹೇಳಿಕೊಳ್ಳುವ ಹಕ್ಕು ನನಗಿರಲಿಲ್ಲ.

ಹಕ್ಕಿಲ್ಲವೆಂದು ಖಚಿತವಾಗಿ ಗೊತ್ತಾದದ್ದು ಗೆಳತಿಯಿಂದ. ಒಂದೇ ಕಚೇರಿ, ಒಂದೇ ಬುತ್ತಿ ಹಂಚಿಕೊಂಡು ತಿನ್ನುವ ಸ್ನೇಹ. ಅವಳಿಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳ ದುಃಖವನ್ನು ನಾನು ವರ್ಷಗಟ್ಟಲೆ ಕೇಳಿದ್ದೆ. ನನ್ನದನ್ನು ಅವಳು ಕೇಳುತ್ತಾಳೆ ಎಂದುಕೊಂಡು ಇಲಾಖೆಯ ಪರೀಕ್ಷೆಗೆಂದು ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಎಲ್ಲ ಹೇಳಿಕೊಂಡೆ. ಅವಳು ಕಿಟಕಿಯ ಕಡೆ ನೋಡುತ್ತ ಆನಂದಪುರದವರೆಗೂ ಸುಮ್ಮನಿದ್ದು, "ನಿಂಗೆ ಮಗಳಿದ್ದಾಳಲ್ಲೇ" ಎಂದಳು. ಅಷ್ಟೇ. ಆಮೇಲೆಯೂ ಬುತ್ತಿ ಹಂಚಿಕೊಂಡೆವು, ಆದರೆ ಬರೀ ಬುತ್ತಿ. ಬಹಳ ದಿನ ಅವಳ ಮೇಲೆ ಸಿಟ್ಟಿತ್ತು ನನಗೆ. ಈಗ ಯೋಚಿಸಿದರೆ, ಹಸಿದವಳ ಮುಂದೆ ಇನ್ನೊಂದು ಹೋಳಿಗೆ ಬೇಕಿತ್ತೆಂದು ಅತ್ತವಳ ಹಾಗೆ ಅವಳಿಗೆ ಕಂಡಿದ್ದರೆ ತಪ್ಪೇನು? ಆದರೂ ನನ್ನದು ಹೋಳಿಗೆಯ ಆಸೆಯಲ್ಲ ಎಂಬುದನ್ನು ಅವಳಿಗೆ ತಿಳಿಸುವ ಮಾತು ಅಂದೂ ನನ್ನಲ್ಲಿರಲಿಲ್ಲ, ಇಂದೂ ಇಲ್ಲ.

ವೈದ್ಯರ ಕಥೆಗೆ ಬರುತ್ತೇನೆ. 1993ರಲ್ಲಿ ಮೊದಲು ನೋಡಿದ ಲೇಡಿ ಡಾಕ್ಟರು ನಗುನಗುತ್ತ, "ಒಂದು ಆಗಿದೆಯಲ್ಲಮ್ಮ, ಆದ ದಾರಿಯಲ್ಲೇ ಇನ್ನೊಂದೂ ಆಗತ್ತೆ. ಟೆನ್ಷನ್ ಬಿಡಿ, ಇಬ್ಬರೂ ಒಂದು ಟೂರು ಹೋಗಿಬನ್ನಿ" ಎಂದರು. ಸಾಗರದವರು ಟೂರು ಅಂತ ಎಲ್ಲಿಗೆ ಹೋಗುವುದು? ಜೋಗ ನೋಡಿಕೊಂಡು ಬಂದೆವು. ಮಗಳೂ ಜೊತೆಗಿದ್ದಳು, ದಾರಿಯುದ್ದಕ್ಕೂ ವಾಂತಿ ಮಾಡಿದಳು. ಆ 'ಟೆನ್ಷನ್ ಬಿಡಿ'ಯಲ್ಲೇ ಒಂದು ವರ್ಷ ಹೋಯಿತು.

1994ರಲ್ಲಿ ಶಿವಮೊಗ್ಗದ ಒಂದು ಆಸ್ಪತ್ರೆಗೆ ಹೋಗಲು ಶುರುಮಾಡಿದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಥರ್ಮಾಮೀಟರ್ ಬಾಯಲ್ಲಿಟ್ಟು ಗ್ರಾಫಿನ ಕಾಗದದಲ್ಲಿ ಚುಕ್ಕಿ ಇಡಬೇಕು. ಅಂಡ ಬಿಡುಗಡೆಯಾದ ಮೇಲೆ ಸುಮಾರು ಅರ್ಧ ಡಿಗ್ರಿ ಏರುತ್ತದೆ, ಅದರಿಂದ ದಿನ ಗೊತ್ತಾಗುತ್ತದೆ ಎಂದರು. ನಾನು ದಿನಾ ಥರ್ಮಾಮೀಟರ್ ಕಚ್ಚಿಕೊಂಡಿರುವುದನ್ನು ಕಂಡು ಅತ್ತೆ ನನಗೆ ಒಳಜ್ವರವೆಂದು ಹೆದರಿ ಅಮೃತಬಳ್ಳಿಯ ಕಷಾಯ ಕಾಸಿಕೊಟ್ಟರು. ಕುಡಿದೆ. ಏನಂತ ಹೇಳಲಿ? ಐದು ದಿನದ ಮಾತ್ರೆಗಳು, ರಕ್ತಪರೀಕ್ಷೆಗಳು, ಥೈರಾಯ್ಡ್ ನೋಡಿದ್ದು, ಗರ್ಭಕೋಶ ಕೆರೆದು ಪರೀಕ್ಷೆಗೆ ಕಳಿಸಿದ್ದು. ಕ್ಷಯರೋಗ ಒಳಗೇ ಕೂತು ನಳಿಕೆಗಳನ್ನು ಮುಚ್ಚಿಬಿಡುವುದುಂಟು, ನಮ್ಮ ದೇಶದಲ್ಲಿ ಅದನ್ನು ನೋಡಲೇಬೇಕು ಎಂದರು. ಆಮೇಲೆ ಒಳಕ್ಕೆ ದ್ರವ ಬಿಟ್ಟು ಎಕ್ಸ್‌ರೇ ತೆಗೆದರು. ನಳಿಕೆ ತೆರೆದಿದ್ದರೆ ದ್ರವ ಎರಡೂ ಕಡೆ ಹೊರಗೆ ಚೆಲ್ಲಿದ್ದು ಕಾಣುತ್ತದಂತೆ. ನೋವಾಗುವುದಿಲ್ಲ ಎಂದಿದ್ದರು. ಆಯಿತು. ಆ ದಿನವೇ ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದು ರಾತ್ರಿ ಮಗಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದೆ. ಎರಡೂ ನಳಿಕೆ ತೆರೆದಿದ್ದವು. ನನ್ನಲ್ಲಿ ಹುಡುಕಿದ್ದೆಲ್ಲ ಸರಿಯಾಗೇ ಇತ್ತು. ವಂಕಿಯಿಂದಲೇ ಹೀಗಾಯಿತು ಎಂದು ಅತ್ತೆಯೂ ನಾನೂ ಒಳಗೊಳಗೇ ನಂಬಿದ್ದೆವಲ್ಲ, ಅದೂ ಸುಳ್ಳು. ತೆಗೆಸಿದ ಮೇಲೆ ಬೇಗನೇ ದೇಹ ಮೊದಲಿನಂತಾಗುತ್ತದೆ ಎಂದು ಅಲ್ಲೇ ವಿವರಿಸಿದರು. ಒಂದು ಶತ್ರುವೂ ಸಿಗದ ಯುದ್ಧದ ಹಾಗಿತ್ತು ಅದು.

ಅಲ್ಲಿ ನಡೆದ ಒಂದು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ಭದ್ರಾವತಿ ಕಡೆಯ ಹೆಂಗಸು, "ನಿಮಗೆಷ್ಟು ವರ್ಷ ಆಯ್ತಕ್ಕ?" ಎಂದಳು. ಮದುವೆಯಾಗಿ ಎಷ್ಟು ವರ್ಷ, ಮಕ್ಕಳಿಲ್ಲದೆ ಎಷ್ಟು ವರ್ಷ ಎಂದು ಅವಳ ಪ್ರಶ್ನೆ. ನಾನು "ಮೂರು" ಎಂದೆ. ವಂಕಿ ತೆಗೆಸಿದ ಲೆಕ್ಕದಲ್ಲಿ ಅದು ಸುಳ್ಳಲ್ಲ. "ನಮಗೆ ಒಂಬತ್ತು" ಎಂದು ಅವಳು ಕಿತ್ತಲೆಹಣ್ಣು ಬಿಡಿಸಿ ಅರ್ಧ ನನಗೆ ಕೊಟ್ಟಳು. ಯಾವ ಊರಿನ ಅಶ್ವತ್ಥಕಟ್ಟೆಗೆ ಎಷ್ಟು ಪ್ರದಕ್ಷಿಣೆ, ಯಾವ ಡಾಕ್ಟರ ಕೈಗುಣ ಒಳ್ಳೆಯದು ಎಂದೆಲ್ಲ ಹೇಳಿದಳು. ಎಷ್ಟೋ ತಿಂಗಳ ಮೇಲೆ ಒಬ್ಬರ ಪಕ್ಕ ಹಗುರಾಗಿ ಕೂತಿದ್ದೆ. ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ಫೈಲು ಹಿಡಿದು, ಊರಿಗೆಲ್ಲ ಕೇಳುವ ಹಾಗೆ, "ನಿಮ್ಮ ಮೊದಲನೇ ಮಗು ನಾರ್ಮಲ್ಲಾ, ಸಿಜೇರಿಯನ್ನಾ?" ಎಂದಳು. ಭದ್ರಾವತಿಯ ಹೆಂಗಸು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಆಚೆ ಸರಿದು ಕೂತಳು. ಕಿತ್ತಲೆಯ ತೊಳೆ ನನ್ನ ಕೈಯಲ್ಲೇ ಇತ್ತು. ಬೆಳಿಗ್ಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಶಾಲೆಗೆ ಕಳಿಸಿಬಂದ ಮಗಳನ್ನು ಅರ್ಧ ಹಣ್ಣಿನ ಸ್ನೇಹಕ್ಕಾಗಿ ನಾನು ಇಲ್ಲವೆನ್ನಿಸಿದ್ದೆ.

ಆ ಫೈಲಿನ ಮೇಲೆ 'ಸೆಕೆಂಡರಿ' ಎಂದು ಬರೆದಿತ್ತು. ಒಂದು ಮಗುವಾದ ಮೇಲೆ ಮತ್ತೆ ಆಗದಿದ್ದರೆ ವೈದ್ಯರು ಕೊಡುವ ಹೆಸರು; ದ್ವಿತೀಯ ಬಂಜೆತನವೆಂದು ಕನ್ನಡದಲ್ಲಿ ಬರೆಯುತ್ತಾರೆ. ರೈಲಿನಲ್ಲಿದ್ದಂತೆ ದುಃಖದಲ್ಲೂ ಎರಡನೇ ದರ್ಜೆ ಇದೆಯೆಂದು ನನಗೆ ತಿಳಿದದ್ದು ಆಗಲೇ.

ನಮ್ಮವರಿಗಿಂತ ಮೊದಲೇ ನಮ್ಮ ಹಿರಿಯರೂ ಇದಕ್ಕೊಂದು ಹೆಸರಿಟ್ಟಿದ್ದರು. 1995ರಲ್ಲಿ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸುವ ಮೊದಲು ಅತ್ತೆಯ ಅಣ್ಣ ನನ್ನ ಜಾತಕ ತಿರುವಿಹಾಕಿ, "ಇದು ಕಾಕವಂಧ್ಯೆ" ಎಂದರು. ಕಾಗೆ ಜೀವಮಾನದಲ್ಲಿ ಒಂದೇ ಸಲ ಮರಿ ಮಾಡುತ್ತದೆಂಬ ನಂಬಿಕೆಯಿಂದ ಬಂದ ಸಂಸ್ಕೃತದ ಮಾತು. ಒಂದು ಹೆತ್ತು ನಿಂತವಳಿಗೆ ಆ ಹೆಸರು. ಕೇಳಿದ ದಿನ ಅವಮಾನವಾಯಿತು. ಆಮೇಲೆ ಪೋಸ್ಟಾಫೀಸಿನ ಹಿಂದಿನ ಮಾವಿನ ಮರದಲ್ಲಿ ಕಾಗೆಗಳನ್ನು ನೋಡುವ ಚಟ ಹತ್ತಿತು. ಬೇಸಿಗೆ ಬಂತೆಂದರೆ ತಂತಿಯ ಚೂರು, ಪೊರಕೆಕಡ್ಡಿ, ನಮ್ಮ ಟಪಾಲು ಚೀಲದ ದಾರ ಎಲ್ಲ ಕದ್ದು ಗೂಡು ಕಟ್ಟುತ್ತಿದ್ದವು. ಮೂರು ನಾಲ್ಕು ಮೊಟ್ಟೆ. ಪ್ರತಿ ವರ್ಷವೂ. ಸಾಲದ್ದಕ್ಕೆ ಕೋಗಿಲೆ ತಂದಿಟ್ಟುಹೋದದ್ದನ್ನೂ ಸಾಕುತ್ತಿದ್ದವು. ಈ ಹೆಸರು ಇಟ್ಟ ಪಂಡಿತರು ಒಂದು ದಿನವಾದರೂ ಮರದ ಬುಡದಲ್ಲಿ ನಿಂತು ಕತ್ತೆತ್ತಿದ್ದರೆ ಕಾಗೆಗೂ ನನಗೂ ಈ ಅಪವಾದ ಬರುತ್ತಿರಲಿಲ್ಲ. ಕುಕ್ಕೆಗೆ ಹೋಗಿ ಬಂದದ್ದರ ಬಗ್ಗೆ ಹಗುರಾಗಿ ಹೇಳಲಾರೆ. ಹೊಳೆಯಲ್ಲಿ ಮುಳುಗಿ ಎದ್ದಾಗ ಸಮಾಧಾನವಾಗಿತ್ತು. ಅಲ್ಲಿ ನನ್ನನ್ನು ಯಾರೂ 'ಒಂದಿದೆಯಲ್ಲ' ಎನ್ನಲಿಲ್ಲ. ಬೇಕೆಂದು ಬಂದವಳು ಎಂದಷ್ಟೇ ಒಪ್ಪಿಕೊಂಡರು.

ಆ ವರ್ಷದ ಕೊಯ್ಲಿಗೆ ಹಳ್ಳಿಗೆ ಹೋಗಿದ್ದಾಗ ರಾತ್ರಿ ಅಡಿಕೆ ಸುಲಿಯಲು ಕೂತಿದ್ದೆವು. ಬೇರೆಯವರೆಲ್ಲ ಎದ್ದು ಹೋಗಿ ಅತ್ತೆ, ನಾನು ಇಬ್ಬರೇ ಉಳಿದೆವು. ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಅತ್ತೆ ಹೇಳಿದರು: "ನನಗೆ ಏಳಾಯ್ತು ಕೂಸೇ. ನಾಲ್ಕು ಉಳೀತು. ಬೇಕಾ ಅಂತ ಒಬ್ಬರೂ ನನ್ನ ಕೇಳ್ಲಿಲ್ಲ. ಹೋದವು ಮೂರು, ಅತ್ತೆಯಾ ಅಂತಲೂ ಕೇಳ್ಲಿಲ್ಲ. ನಾಲ್ಕಿದೆಯಲ್ಲ ಅಂದ್ರು." ಮತ್ತೆ ಸುಲಿಯತೊಡಗಿದರು. ಒಂಬತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ್ದೆವು, ಆ ಮೂರರ ಸುದ್ದಿ ನನಗೆ ಗೊತ್ತಿರಲಿಲ್ಲ. ಅಟ್ಟದ ಮೇಲಿನ ತೊಟ್ಟಿಲನ್ನು ನಾನು ನೋಡುತ್ತಿದ್ದ ರೀತಿ ಅಂದಿನಿಂದ ಬದಲಾಯಿತು.

1996ರ ಜನವರಿಯಲ್ಲಿ ಇನ್ನೊಂದು ಊರಿನ ವೈದ್ಯೆಯೊಬ್ಬರ ಬಳಿಗೆ ಹೋದೆವು. ದಪ್ಪ ಕನ್ನಡಕದ, ಕಡಿಮೆ ಮಾತಿನ ಹಿರಿಯರು. ನನ್ನ ಫೈಲನ್ನು ಹಾಳೆ ಹಾಳೆಯಾಗಿ ತಿರುವಿ, "ಇವರ ರಿಪೋರ್ಟು ಎಲ್ಲಿ?" ಎಂದು ನನ್ನ ಗಂಡನ ಕಡೆ ತೋರಿಸಿದರು.

"ನಮಗೆ ಮಗು ಇದೆಯಲ್ಲ ಡಾಕ್ಟ್ರೇ" ಎಂದೆ ನಾನು. ನೋಡಿ, ನಾನೇ ಹಾಗೆಂದೆ.

"ಅದು 1988ರ ಮಾತಾಯ್ತಮ್ಮ. ನಾನು ಕೇಳ್ತಿರೋದು ಈ ವರ್ಷದ್ದು" ಎಂದರು ಅವರು.

ಗಂಡಸಿನ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು. ಎಂಟು ವರ್ಷದ ಹಿಂದಿನ ಮಗು ಇಂದಿನದಕ್ಕೆ ಸಾಕ್ಷಿಯಾಗುವುದಿಲ್ಲ ಎಂದು ಒಂದು ಮಾತಿನಲ್ಲಿ ವಿವರಿಸಿದರು. ಮೂರು ವರ್ಷದಿಂದ ನನ್ನ ಮೈಯನ್ನು ಕೆರೆದು, ಚುಚ್ಚಿ, ಚಿತ್ರ ತೆಗೆದವರಲ್ಲಿ ಒಬ್ಬರೂ ಈ ಒಂದು ಮಾತು ಹೇಳಿರಲಿಲ್ಲ. ಒಂದು ಚಿಕ್ಕ ಡಬ್ಬಿ, ಅರ್ಧ ದಿನದ ಕೆಲಸ. ಖರ್ಚು ನನ್ನ ಎಕ್ಸ್‌ರೇಯ ಕಾಲುಭಾಗವೂ ಇಲ್ಲ. ಈ ಸಿಟ್ಟು ನನಗೆ ಇನ್ನೂ ಆರಿಲ್ಲ. ನಮ್ಮವರ ಮೇಲಲ್ಲ, ಅವರು ಕೇಳಿದ್ದರೆ ಹೋಗುತ್ತಿದ್ದರು. ಯಾರೂ ಕೇಳಲಿಲ್ಲ, ನಾನೂ ಸೇರಿ.

ಒಂದು ಮಿಲಿಲೀಟರಿಗೆ 2 ಕೋಟಿಯಾದರೂ ಇರಬೇಕೆಂಬುದು ಆಗಿನ ಲೆಕ್ಕ. (ಈಗ ವಿಶ್ವ ಆರೋಗ್ಯ ಸಂಸ್ಥೆ ಅದನ್ನು 1 ಕೋಟಿ 60 ಲಕ್ಷಕ್ಕೆ ಇಳಿಸಿದೆ.) ಇವರದ್ದು 30 ಲಕ್ಷ ಎಂದು ಬಂತು. ಮತ್ತೊಮ್ಮೆ ಮಾಡಿಸಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಇಡೀ ಜೀವಮಾನ ಬೇರೆಯವರ ಲಕ್ಷಗಳನ್ನು ಬರೆದಿಟ್ಟ ಮನುಷ್ಯ ಕಾಗದವನ್ನು ಕೈಯಲ್ಲಿ ಹಿಡಿದು, "ಮೂವತ್ತು ಲಕ್ಷ ಇದ್ದರೂ ಬಡವನೇನಾ ನಾನು?" ಎಂದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ ಎಂದು ಕೈ ನೋಡಿದರೆ ಗೊತ್ತಾಗುತ್ತಿತ್ತು.

"ದೊಡ್ಡವರಾದ ಮೇಲೆ ಮಂಗನಬಾವು ಬಂದಿತ್ತಾ?" ಎಂದು ಡಾಕ್ಟರು ಕೇಳಿದರು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. 1992ರ ಶಿವರಾತ್ರಿಯ ಹೊತ್ತಿಗೆ ಬಂದಿತ್ತು. ಮಗಳು ಶಿಶುವಿಹಾರಕ್ಕೆ ಹೋಗುತ್ತಿದ್ದಳು, ಅಲ್ಲಿಂದ ತಂದಳು. ನಮ್ಮ ಬೀದಿಯ ಅರ್ಧ ಮಕ್ಕಳ ಕೆನ್ನೆ ಊದಿತ್ತು. ಅವಳು ನಾಲ್ಕೇ ದಿನದಲ್ಲಿ ಎದ್ದು ಆಡತೊಡಗಿದಳು, ಇವರು ಮಲಗಿದರು. ಜೋರು ಜ್ವರ. ಕೆನ್ನೆಯ ಬಾವು ಇಳಿಯುವಾಗ ಕೆಳಗೂ ಬಾವು, ನೋವು. ನಾಚಿಕೆಗೆ ನನ್ನೊಬ್ಬಳಿಗೆ ಹೇಳಿದ್ದರು. ಹತ್ತು ದಿನಕ್ಕೆ ಎಲ್ಲ ಕಡಿಮೆಯಾಯಿತು, ಮರೆತೂ ಬಿಟ್ಟೆವು. ದೊಡ್ಡ ವಯಸ್ಸಿನ ಗಂಡಸರಿಗೆ ಬಂದರೆ ಕೆಲವರಲ್ಲಿ ಹೀಗೆ ಕೆಳಗಿಳಿಯುತ್ತದೆ, ಪೂರ್ತಿ ಬಂಜೆತನ ಅಪರೂಪ, ಆದರೆ ಎಣಿಕೆ ಕುಗ್ಗುವುದುಂಟು ಎಂದರು ಡಾಕ್ಟರು. ನಿಮ್ಮಲ್ಲಿ ಅದೇ ಕಾರಣವೆಂದು ಆಣೆ ಮಾಡಿ ಹೇಳಲಾರೆ ಎಂದೂ ಸೇರಿಸಿದರು. ಬೆಲ್ಜಿಯಮ್ಮಿನಲ್ಲಿ 1992ರಲ್ಲೇ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸಿ ಮಗು ಪಡೆದಿದ್ದಾರೆಂದು ಹೇಳಿದರು. ಪ್ರನಾಳ ಶಿಶುವಿನ ಸುದ್ದಿ ನನಗೆ ಹೊಸದಲ್ಲ. ನನ್ನ ಮದುವೆಯಾದ 1986ರಲ್ಲೇ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಅಂಥ ಮಗು ಹುಟ್ಟಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಆದರೆ ಸಾಗರದಿಂದ ಮುಂಬಯಿ ಎಷ್ಟು ದೂರವೆಂದು ಟಪಾಲಿನವಳಾದ ನನಗೆ ಚೆನ್ನಾಗಿ ಗೊತ್ತಿತ್ತು.

ಮರಳುವ ಬಸ್ಸಿನಲ್ಲಿ ಇವರು ಒಂದೇ ಮಾತು ಆಡಿದರು: "ಇದನ್ನು ಮಗಳಿಗೆ ಯಾವತ್ತೂ ಹೇಳಬಾರದು."

ಆರು ತಿಂಗಳು ಮಾತ್ರೆ ತೆಗೆದುಕೊಂಡರು. ಈಗ ಅದೇ ಕಾಯಿಲೆಗೆ ಅದೇ ಮಾತ್ರೆ ಕೊಡುತ್ತಾರೋ ಇಲ್ಲವೋ, ಇರಲಿ. ಅಷ್ಟರಲ್ಲಿ ಮಗಳ ಶಾಲೆಯಲ್ಲಿ ಪಾಲಕರ ಸಭೆ ಬಂತು. ಅವಳಾಗ ಮೂರನೇ ಕ್ಲಾಸು. ಮಾರ್ಕ್ಸ್ ಕಾರ್ಡಿಗೆ ಸಹಿ ಮಾಡಿ ಎದ್ದಾಗ ಟೀಚರು ಕಾಳಜಿಯಿಂದ, "ನಿಮ್ಮ ಮಗನಿಗೆ ಈಗ ಹೇಗಿದೆ?" ಎಂದು ಕೇಳಿದರು. ನನಗೆ ತಿಳಿಯಲಿಲ್ಲ. "ಅವಳ ತಮ್ಮನಿಗೆ ಜ್ವರ ಅಂತ ಹೇಳ್ತಿದ್ದಳು. ಎರಡು ದಿನ ಹೋಂವರ್ಕ್ ಕೂಡ ಮಾಡಿರಲಿಲ್ಲ. ರಾತ್ರಿಯೆಲ್ಲ ತಣ್ಣೀರು ಪಟ್ಟಿ ಹಾಕ್ತಿದ್ದಳಂತೆ ಪಾಪ."

"ಪರವಾಗಿಲ್ಲ" ಎಂದು ಬಂದುಬಿಟ್ಟೆ.

ಮನೆಗೆ ಬಂದು ಅವಳಿಗೆ ಅವಲಕ್ಕಿ ಕೊಟ್ಟು ಎದುರಿಗೆ ಕೂತೆ. ಬೈಯುವುದೋ, ಕೇಳುವುದೋ ಒಂದೂ ಹೊಳೆಯಲಿಲ್ಲ. ಕೊನೆಗೆ, "ಟೀಚರು ತಮ್ಮನ ಬಗ್ಗೆ ಕೇಳಿದರು" ಎಂದೆ. ಅವಳು ತಲೆ ಎತ್ತಲಿಲ್ಲ. ಶೇಂಗಾ ಬೀಜಗಳನ್ನೆಲ್ಲ ತಟ್ಟೆಯ ಒಂದು ಬದಿಗೆ ಸರಿಸುತ್ತ, "ಈಗ ವಾಸಿಯಾಗಿದೆ ಅಂತ ಹೇಳು" ಎಂದಳು.

ನಾವು ಪಿಸುಗುಟ್ಟಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಚಾಪೆಯ ದಿನಗಳು, ಶಿವಮೊಗ್ಗದ ಬಸ್ಸು, ಒಂದು ಕಣ್ಣಿನ ಗಾದೆ. ಕೌಂಟರಿನಲ್ಲಿ ನನಗೆ ಹೇಳುವ ಹೆಂಗಸರು ಬೀದಿಯಲ್ಲಿ ಅವಳ ಗಲ್ಲ ಹಿಡಿದು, "ತಮ್ಮ ಯಾವಾಗ ಬರ್ತಾನೆ ಪುಟ್ಟಿ?" ಎಂದು ಕೇಳದೆ ಬಿಟ್ಟಿರುತ್ತಾರೆಯೇ? ಕಣ್ಣಲ್ಲದ ಆ ಒಂದು ಕಣ್ಣು ತಾನೇ ಎಂದು ತಿಳಿಯಲಾರದಷ್ಟು ದಡ್ಡಿಯಲ್ಲ ಅವಳು. ಬೆಂಚಿನ ಮೇಲೆ ನಾನು ಇದ್ದವಳನ್ನು ಇಲ್ಲವೆನ್ನಿಸಿದೆ. ಶಾಲೆಯಲ್ಲಿ ಅವಳು ಇಲ್ಲದವನನ್ನು ಇದ್ದಾನೆನ್ನಿಸಿ, ಜ್ವರ ಬರಿಸಿ, ತಾನೇ ವಾಸಿಯನ್ನೂ ಮಾಡಿದ್ದಳು.

ಆ ರಾತ್ರಿ ಇವರಿಗೆ ಹೇಳಿದೆ. ಮರುದಿನ ಇವರು ಮಾತ್ರೆಯ ಡಬ್ಬಿ ಎಸೆದರು. ಅಲ್ಲಿಗೆ ಆಸೆ ಹೋಯಿತೆಂದು ತಿಳಿಯಬೇಡಿ. ಆಸೆ ಹೋಗಲು ಇನ್ನೂ ಐದಾರು ವರ್ಷ ಬೇಕಾಯಿತು. ಒಂದು ವಾರ ತಡವಾದರೆ ನಲವತ್ತರವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು. ನಿಂತದ್ದು ಓಡಾಟ ಮಾತ್ರ. ಬೀದಿಯಲ್ಲಿ ಯಾರಾದರೂ ಗಾದೆ ಎತ್ತಿದರೆ, "ಮಗಳ ಮುಂದೆ ಆ ಮಾತು ಬೇಡ" ಎಂದು ನೇರವಾಗಿ ಹೇಳಲು ಕಲಿತೆ. ಕೆಲವರು ಮಾತು ಬಿಟ್ಟರು. ನಷ್ಟವೇನೂ ಆಗಲಿಲ್ಲ.

1998ರಲ್ಲಿ ಮೈದುನನ ಹೆಂಡತಿ ಬಸುರಿಯಾದಾಗ ತೊಟ್ಟಿಲು ಇಳಿಯಿತು. ಜಮಖಾನ ಬಿಚ್ಚಿದರೆ ಒಳಗೆ ಮಗಳ ಕುಲಾವಿಯೊಂದು ಇತ್ತು, ಗೇರೆಣ್ಣೆ ಹತ್ತಿ ಕಪ್ಪಾಗಿತ್ತು. ಸರಪಳಿ ಸಮೇತ ಜೀಪಿನ ಮೇಲೆ ಕಟ್ಟಿಕೊಂಡು ಹೋದರು.

ಈಗ ಕಾಲ ಎಷ್ಟೋ ಬದಲಾಗಿದೆ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಗಸಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕು ಎನ್ನುತ್ತಾರೆ; ಮೊದಲು ಮಗು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆರು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ತೊಡಕು ಬರುತ್ತದೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಲೆಕ್ಕದಲ್ಲಿ ನನ್ನ ಕೌಂಟರಿಗೆ ಬಂದು ಗಾದೆ ಹೇಳಿಹೋದವರಲ್ಲೂ ಕೆಲವರು ಇದ್ದಿರಬೇಕು.

ಮಗಳು ಮದುವೆಯಾಗಿ ಬೆಂಗಳೂರು ಸೇರಿದಳು. ಧಾರೆಗೆ ನನ್ನ ಹಳೇ ಗೆಳತಿ ಬಂದಿದ್ದಳು, ಊಟದ ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತಳು. 2017ರಲ್ಲಿ ಮಗಳಿಗೆ ಮಗ ಹುಟ್ಟಿದ. ಹಳ್ಳಿಯಿಂದ ತೊಟ್ಟಿಲು ತರಿಸಿ ಒಯ್ದರೆ ಅವಳ ಫ್ಲ್ಯಾಟಿನಲ್ಲಿ ಕಟ್ಟಲು ತೊಲೆಯೂ ಇಲ್ಲ, ಕೊಂಡಿಯೂ ಇಲ್ಲ. ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆವು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಸರ್ಕಾರದವರು ಶಾಲೆ ಶಾಲೆಗೆ ಹೋಗಿ ದಡಾರ-ರುಬೆಲ್ಲಾ ಸೂಜಿ ಹಾಕಿದ್ದರು. ಮಂಗನಬಾವಿನದು ಅದರಲ್ಲಿರಲಿಲ್ಲ. ಮಗಳು ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ಮೂರೂ ಸೇರಿದ ಎಂಎಂಆರ್ ಹಾಕಿಸಿ ಫೋನ್ ಮಾಡಿದಳು. "ಮಂಗನಬಾವಿಗೂ ಸೂಜಿ ಇದೆಯಂತೆ ಅಮ್ಮ, ನಮಗೆಲ್ಲ ಹಾಕಿಸಿರಲಿಲ್ಲ ಅಲ್ವಾ?"

ನಾನು ತಡವರಿಸಿದೆ. ಇವರು ಪಕ್ಕದಲ್ಲಿ ಕೂತಿದ್ದವರು ಕೈ ಚಾಚಿ ಫೋನ್ ತೆಗೆದುಕೊಂಡರು. "ನನಗೆ ಬಂದಿತ್ತು ನೋಡು, ನೀನು ಶಿಶುವಿಹಾರಕ್ಕೆ ಹೋಗುವಾಗ" ಎಂದರು. ಇಪ್ಪತ್ತೆರಡು ವರ್ಷ ಹೇಳಬಾರದೆಂದವರು ಎರಡು ನಿಮಿಷದಲ್ಲಿ ಎಲ್ಲ ಹೇಳಿದರು. ಅವಳು ಏನು ಕೇಳಿದಳೋ, "ಇರಬಹುದು ಪುಟ್ಟಿ. ಡಾಕ್ಟರಿಗೂ ಗೊತ್ತಿರಲಿಲ್ಲ" ಎಂದರು. ಆಮೇಲೆ ಇಬ್ಬರೂ ಬಹಳ ಹೊತ್ತು ಮಗುವಿಗೆ ಜ್ವರ ಬಂದರೆ ಎಷ್ಟು ಹನಿ ಔಷಧಿ ಎಂದು ಮಾತಾಡಿಕೊಂಡರು.

ಮೊಮ್ಮಗ ದೊಡ್ಡವನಾದ ಮೇಲೆ ತೊಟ್ಟಿಲು ವಾಪಸ್ಸು ಸಾಗರಕ್ಕೆ ಬಂತು, ಅದೇ ಅಟ್ಟಕ್ಕೆ. ಕಳೆದ ದೀಪಾವಳಿಗೆ ನಮ್ಮ ಬಾಡಿಗೆ ಮನೆಯವರು, ಸೊಸೆಗೆ ಕಾರ್ತೀಕದಲ್ಲಿ ಹೆರಿಗೆ, ನಿಮ್ಮಲ್ಲಿ ತೊಟ್ಟಿಲಿದೆಯಂತಲ್ಲ ಎಂದು ಕೇಳಿದರು. ಮಗಳಿಗೆ ಫೋನ್ ಮಾಡಿ, "ತೊಟ್ಟಿಲು ಕೊಡಲಾ, ಇಟ್ಟುಕೊಳ್ಳಲಾ?" ಎಂದೆ. ಬಾಯಿಂದ ಬಿದ್ದ ಮೇಲೆ ತಿಳಿಯಿತು, ನಾನು ಕೇಳಿದ್ದು ತೊಟ್ಟಿಲನ್ನಲ್ಲ. ಅವಳ ಮಗನಿಗೆ ಆಗಲೇ ಶಾಲೆ ಶುರುವಾಗಿ ಎಷ್ಟೋ ವರ್ಷವಾಗಿತ್ತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೇಡವೆಂದಿದ್ದಾರೋ, ಆಗುತ್ತಿಲ್ಲವೋ, ಬೆಂಗಳೂರಿನ ಯಾವುದೋ ಬೆಂಚಿನ ಮೇಲೆ ಅವಳೂ ಕೂತು ಬಂದಿದ್ದಾಳೋ, ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

"ಕೊಡಮ್ಮ" ಎಂದಳು. "ಸರಪಳಿ ಬಿಚ್ಚಿ ಕೊಡು, ಇಲ್ಲಾಂದ್ರೆ ಆಟೋದಲ್ಲಿ ಹಿಡಿಸಲ್ಲ."